ನೋವು ಹೇಳಿಕೊಳ್ಳುವ ಭಾಷೆ: ಮಾನಸಿಕ ಆರೋಗ್ಯ ಸೇವೆ ಮತ್ತು ಗಡಿನಾಡ ಕನ್ನಡಿಗರು

ಪ್ರತಿ ವರ್ಷ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನ. ಆ ದಿನದ ಫಲಕಗಳು ಸೋಲಾಪುರದಲ್ಲಿ ಮರಾಠಿಯಲ್ಲಿರುತ್ತವೆ, ಕಲಬುರಗಿಯಲ್ಲಿ ಕನ್ನಡದಲ್ಲಿರುತ್ತವೆ. ಎರಡರ ನಡುವೆ ನಾವಿದ್ದೇವೆ: ಅಕ್ಕಲಕೋಟ, ಮೈಂದರ್ಗಿ, ದುಧನಿ, ನಾಗಣಸೂರ, ಕರಜಗಿ, ತಡವಳ, ದಕ್ಷಿಣ ಸೋಲಾಪುರದ ಹಳ್ಳಿಗಳು. ನಮ್ಮ ಮನೆಯ ಮಾತು ಕನ್ನಡ. ಸರಕಾರದ ಕಾಗದ ಮರಾಠಿ. ಡಾಕ್ಟರ ಚೀಟಿ ಇಂಗ್ಲಿಷ್. ಶಾಲೆ, ಪಹಣಿ, ರೇಷನ್ ಕಾರ್ಡುಗಳ ವಿಷಯದಲ್ಲಿ ಈ ಸ್ಥಿತಿಯ ಬಗ್ಗೆ ನಾವು ಬಹಳ ಸಲ ಮಾತಾಡಿದ್ದೇವೆ. ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಮಾತಾಡಿದ್ದು ಕಡಿಮೆ. ಈ ಲೇಖನ ಅದರ ಬಗ್ಗೆ.

ಕೈ ಮುರಿದರೆ ಎಕ್ಸ್‌ರೇ ಇದೆ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ರೋಗಿ ಬಾಯಿ ಬಿಡದಿದ್ದರೂ ಯಂತ್ರ ಹೇಳುತ್ತದೆ. ಮನಸ್ಸಿನ ಕಾಯಿಲೆಗೆ ಅಂಥ ಯಂತ್ರವಿಲ್ಲ. ರೋಗಿ ಏನು ಹೇಳುತ್ತಾನೆ, ಹೇಗೆ ಹೇಳುತ್ತಾನೆ, ಯಾವ ಮಾತಿನ ಹತ್ತಿರ ತಡೆಯುತ್ತಾನೆ, ಇವೇ ಅಲ್ಲಿ ಪರೀಕ್ಷೆ. ಹಾಗಾಗಿ ಡಾಕ್ಟರು ರೋಗಿಯ ಭಾಷೆಯನ್ನು ಎಷ್ಟು ಬಲ್ಲರು, ರೋಗಿಯ ಜನರ ಬಗ್ಗೆ ಅವರ ಮನಸ್ಸಿನಲ್ಲಿ ಮೊದಲೇ ಏನಿದೆ ಎಂಬುದು ಉಳಿದೆಲ್ಲ ವೈದ್ಯಕ್ಕಿಂತ ಇಲ್ಲಿ ಹೆಚ್ಚು ಮುಖ್ಯವಾಗುತ್ತದೆ. ಈ ವಿಭಾಗದಲ್ಲಿ ಭೇದಭಾವಕ್ಕೆ ದೊಡ್ಡ ಇತಿಹಾಸವಿದೆ. ಅದರ ಒಂದು ಅಧ್ಯಾಯ ನಮ್ಮ ಸೋಲಾಪುರದಲ್ಲೇ ನಡೆದಿದೆ.

ಬಾಗಿಲ ಮೇಲೆ ಬರೆದಿದ್ದ ಭೇದ

1851ರಲ್ಲಿ ಅಮೆರಿಕದ ಲೂಯಿಸಿಯಾನದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಒಂದು ಹೊಸ ಕಾಯಿಲೆ ಕಂಡುಹಿಡಿದೆನೆಂದು ಹೇಳಿದ. ಯಜಮಾನನ ಹೊಲ ಬಿಟ್ಟು ಓಡಿಹೋಗುವ ಕಪ್ಪು ಗುಲಾಮರಿಗೆ ಒಂದು ಮಾನಸಿಕ ರೋಗವಿದೆ, ಅದಕ್ಕೇ ಅವರು ಓಡುತ್ತಾರೆ ಎಂಬುದು ಅವನ ವಾದ. ಅದಕ್ಕೆ 'ಡ್ರಾಪೆಟೊಮೇನಿಯಾ' ಎಂದು ಹೆಸರೂ ಇಟ್ಟ. ಬಿಡುಗಡೆಯ ಆಸೆಯೇ ಹುಚ್ಚು ಎನಿಸಿಕೊಂಡಿತು. ಅಮೆರಿಕದ ಮನೋವೈದ್ಯರ ಸಂಘ ತನ್ನ ವೃತ್ತಿಯೊಳಗಿನ ಜನಾಂಗಭೇದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2021ರ ಜನವರಿಯಲ್ಲಿ, ಕಾರ್ಟ್‌ರೈಟ್ ಬರೆದು 170 ವರ್ಷವಾದ ಮೇಲೆ. ಇಂಗ್ಲೆಂಡಿನಲ್ಲಿ ಇಂದಿಗೂ ಮಾನಸಿಕ ಆರೋಗ್ಯ ಕಾನೂನಿನಡಿ ಒತ್ತಾಯದಿಂದ ಆಸ್ಪತ್ರೆಗೆ ಸೇರಿಸುವ ಪ್ರಮಾಣ ಬಿಳಿಯರಿಗಿಂತ ಕಪ್ಪು ಜನರಲ್ಲಿ ಮೂರು ಪಟ್ಟಿಗೂ ಹೆಚ್ಚು ಎಂದು ಅಲ್ಲಿನ ಸರಕಾರಿ ಅಂಕಿಅಂಶಗಳೇ ಹೇಳುತ್ತವೆ.

ನಮ್ಮ ದೇಶದಲ್ಲಿ ಈ ಭೇದವನ್ನು ಕಟ್ಟಡಗಳಲ್ಲೇ ಕಾಣಬಹುದಿತ್ತು. 1918ರಲ್ಲಿ ಬ್ರಿಟಿಷ್ ಸರಕಾರ ರಾಂಚಿಯಲ್ಲಿ ಯುರೋಪಿಯನ್ನರಿಗೆಂದೇ ಬೇರೆ ಮಾನಸಿಕ ಆಸ್ಪತ್ರೆ ತೆರೆಯಿತು. ತಂಪು ಹವೆ, ಒಳ್ಳೆಯ ಜಾಗ, ಆ ಕಾಲದ ಹೊಸ ಚಿಕಿತ್ಸೆ, ಎಲ್ಲ ಅಲ್ಲಿತ್ತು. ಇಂದು ಅದು ಕೇಂದ್ರೀಯ ಮನೋವೈದ್ಯ ಸಂಸ್ಥೆ. ಭಾರತೀಯ ರೋಗಿಗಳಿಗೆ ಅದೇ ರಾಂಚಿಯಲ್ಲಿ ಇನ್ನೊಂದು ಆಸ್ಪತ್ರೆ 1925ರಲ್ಲಿ ಬಂತು. ಊರು ಒಂದೇ, ಕಾಯಿಲೆ ಒಂದೇ, ಚರ್ಮದ ಬಣ್ಣ ನೋಡಿ ಬಾಗಿಲು ಎರಡು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯ ವ್ಯವಸ್ಥೆಯ ಲೆಕ್ಕ ಕೊಟ್ಟಿತು. ಮಾನಸಿಕ ರೋಗಿಗಳಿಗೆ ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದು ಹಾಸಿಗೆ ಇದ್ದರೆ ಭಾರತದಲ್ಲಿ ಸುಮಾರು 40,000 ಜನರಿಗೆ ಒಂದು ಹಾಸಿಗೆ. ಆಳುವವರ ನಾಡಿಗೂ ಆಳಿಸಿಕೊಂಡವರ ನಾಡಿಗೂ ಇದ್ದ ಅಂತರ ಈ ಎರಡು ಅಂಕಿಗಳಲ್ಲಿದೆ. ನಮ್ಮ ಇಂದಿನ ವ್ಯವಸ್ಥೆ ಶುರುವಾದದ್ದು ಆ ಬಡತನದಿಂದ.

ಸೋಲಾಪುರದ ತಂತಿ ಬೇಲಿ

ಸೋಲಾಪುರದಲ್ಲಿ 'ಸೆಟ್ಲಮೆಂಟ್' ಎಂಬ ಬಡಾವಣೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆ ಹೆಸರು ಯಾಕೆ ಬಂತೆಂದು ಹೊಸ ಪೀಳಿಗೆಗೆ ಗೊತ್ತಿರಲಿಕ್ಕಿಲ್ಲ.

1871ರಲ್ಲಿ ಬ್ರಿಟಿಷರು 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ತಂದರು. ಕೆಲವು ಜಾತಿ, ಬುಡಕಟ್ಟುಗಳ ಜನ ಹುಟ್ಟಿನಿಂದಲೇ ಕಳ್ಳರು, ಕಳವು ಅವರ ರಕ್ತದಲ್ಲೇ ಇದೆ ಎಂಬುದು ಅದರ ಹಿಂದಿನ ನಂಬಿಕೆ. 1911ರ ತಿದ್ದುಪಡಿಯ ನಂತರ ಮುಂಬಯಿ ಪ್ರಾಂತ್ಯದಲ್ಲೂ ಅದು ಜಾರಿಗೆ ಬಂತು. ಸೋಲಾಪುರ, ವಿಜಯಪುರ, ಹುಬ್ಬಳ್ಳಿ ಮುಂತಾದ ಕಡೆ ಸೆಟ್ಲಮೆಂಟುಗಳಾದವು. ಪಾರಧಿ, ಕೈಕಾಡಿ, ಟಕಾರಿ, ಮಾಂಗಗಾರುಡಿ, ಕಂಜಾರಭಾಟ ಮುಂತಾದ ಸಮುದಾಯಗಳ ಕುಟುಂಬಗಳನ್ನು ಬೇಲಿಯೊಳಗೆ ಕೂಡಿ ಹಾಕಿದರು. ದಿನವೂ ಹಾಜರಿ. ಹೊರಗೆ ಹೋಗಬೇಕಾದರೆ ಪಾಸು. ದುಡಿಯಲು ಸೋಲಾಪುರದ ಬಟ್ಟೆ ಗಿರಣಿ. ಮಕ್ಕಳನ್ನು ತಂದೆತಾಯಿಯಿಂದ ಬೇರೆ ಇಡಲು ಕಾನೂನೇ ಅವಕಾಶ ಕೊಟ್ಟಿತ್ತು. ಈ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ನಂತರ. ಅದಕ್ಕೇ ಅವರು 'ವಿಮುಕ್ತ'ರು.

ಮಾನಸಿಕ ಆರೋಗ್ಯದ ಲೇಖನದಲ್ಲಿ ಇದು ಯಾಕೆ? ಕಾರ್ಟ್‌ರೈಟ್ ಹೇಳಿದ್ದಕ್ಕೂ ಈ ಕಾಯ್ದೆ ಹೇಳಿದ್ದಕ್ಕೂ ಬೇರು ಒಂದೇ ಎಂಬುದಕ್ಕೆ. ಇಬ್ಬರೂ ಒಂದು ಇಡೀ ಜನದ ಸ್ವಭಾವವನ್ನು ಹುಟ್ಟಿನಿಂದ ನಿರ್ಧರಿಸಿದರು. ಬೇಲಿಯೊಳಗೆ ಎರಡು ಮೂರು ತಲೆಮಾರು ಬೆಳೆದ ಜನರಿಗೆ ಆದ ಗಾಯಕ್ಕೆ ಆಗ ಯಾರೂ ಔಷಧ ಕೊಡಲಿಲ್ಲ. ಬೇಲಿ ಹೋದ ಮೇಲೆ ಹೆಸರು ಹೋಗಲಿಲ್ಲ. ಊರಲ್ಲಿ ಕಳುವಾದರೆ ಮೊದಲು ಪೊಲೀಸರು ಹೋಗುವ ಮನೆ ಯಾವುದೆಂದು ನಮಗೆಲ್ಲ ಗೊತ್ತಿದೆ. ಜೈಲಿನ ಕೈಪಿಡಿಗಳಲ್ಲಿ ಉಳಿದಿದ್ದ ಇಂಥ ಜಾತಿ ಆಧಾರದ ನಿಯಮಗಳನ್ನು ಸುಪ್ರೀಂ ಕೋರ್ಟ್ ಸಂವಿಧಾನಬಾಹಿರ ಎಂದು ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಅಂದರೆ ನಿನ್ನೆ ಮೊನ್ನೆ.

ಇಂಥ ಸಮುದಾಯದ ಹುಡುಗನೊಬ್ಬ ರಾತ್ರಿ ನಿದ್ದೆ ಬರುವುದಿಲ್ಲ, ಯಾರೋ ಬೆನ್ನು ಹತ್ತಿದ್ದಾರೆ ಎನಿಸುತ್ತದೆ ಎಂದು ಡಾಕ್ಟರಿಗೆ ಹೇಳಿದರೆ ಅದು ಭ್ರಮೆಯೋ, ಅನುಭವವೋ? ಅವನ ಸಮುದಾಯದ ಕಥೆ ಗೊತ್ತಿಲ್ಲದ ಡಾಕ್ಟರು ಇದನ್ನು ತೀರ್ಮಾನಿಸುವುದು ಹೇಗೆ?

ಧಾರವಾಡ ಆಚೆಗೆ ಹೋಯಿತು

ನಮ್ಮ ಭಾಗದಲ್ಲಿ ಎರಡು ಹಳೆಯ ಚೇಷ್ಟೆ ಮಾತುಗಳಿವೆ. ಕನ್ನಡದಲ್ಲಿ ಮಾತಾಡುವಾಗ 'ಇವನ್ನ ಧಾರವಾಡಕ್ಕ ಕಳಸಬೇಕು' ಅನ್ನುತ್ತೇವೆ. ಮರಾಠಿಯಲ್ಲಿ ಮಾತಾಡುವಾಗ 'ಯೇರವಡ್ಯಾಲಾ ಪಾಠವಾ' ಅನ್ನುತ್ತೇವೆ. ಧಾರವಾಡ ಮತ್ತು ಪುಣೆಯ ಯೇರವಡಾ, ಎರಡೂ ಊರುಗಳು ಮಾನಸಿಕ ಆಸ್ಪತ್ರೆಯಿಂದ ಈ ಹೆಸರು ಪಡೆದವು. ಎರಡೂ ಮಾತು ಒಂದೇ ಬಾಯಲ್ಲಿ ಬರುವುದು ಗಡಿನಾಡಿನವರಿಗೆ ಮಾತ್ರ.

ಇದರ ಹಿಂದೆ ಆಡಳಿತದ ಕಥೆಯೂ ಇದೆ. ಬ್ರಿಟಿಷರ ಕಾಲದಲ್ಲಿ ಸೋಲಾಪುರ, ಪುಣೆ, ಧಾರವಾಡ ಮೂರೂ ಮುಂಬಯಿ ಪ್ರಾಂತ್ಯದಲ್ಲಿದ್ದವು. 19ನೆಯ ಶತಮಾನದಲ್ಲಿ ಆ ಪ್ರಾಂತ್ಯದ ಮಾನಸಿಕ ರೋಗಿಗಳಿಗಾಗಿ ಕೊಲಾಬಾ, ಪುಣೆ, ರತ್ನಾಗಿರಿ, ಅಹಮದಾಬಾದ್ ಮುಂತಾದ ಕಡೆ ಇದ್ದಂತೆ ಧಾರವಾಡದಲ್ಲೂ ಆಸ್ಪತ್ರೆ ಇತ್ತು. ಅಕ್ಕಲಕೋಟ ಭೋಸಲೆ ಸಂಸ್ಥಾನವಾಗಿತ್ತು, 1948ರಲ್ಲಿ ಅದೂ ಮುಂಬಯಿಗೆ ಸೇರಿತು. ಹೀಗೆ ಸ್ವಲ್ಪ ಕಾಲ ನಾವೂ ಧಾರವಾಡವೂ ಒಂದೇ ಸರಕಾರದ ಕೆಳಗೆ ಇದ್ದೆವು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಧಾರವಾಡ ಆಚೆಗೆ ಹೋಯಿತು, ನಾವು ಈಚೆಗೆ ಉಳಿದೆವು.

ಆ ಮೇಲೆ ಆಚೆ ಕಡೆ ಕನ್ನಡದಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಕೆಲಸ ನಡೆಯಿತು. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರೆ ಮಾನಸಿಕ ರೋಗಿಗೆ ತನ್ನ ಊರ ಹತ್ತಿರವೇ ಔಷಧ ಕೊಡಬಹುದು ಎಂದು ತೋರಿಸಿದರು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಅದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಆ ಕಾರ್ಯಕ್ರಮ ಇಂದು ಸೋಲಾಪುರ ಜಿಲ್ಲೆಯಲ್ಲೂ ಇದೆ. ಕನ್ನಡ ಹಳ್ಳಿಗಳಲ್ಲಿ ಹುಟ್ಟಿದ ಪದ್ಧತಿ ಮಹಾರಾಷ್ಟ್ರದ ಕನ್ನಡ ಹಳ್ಳಿಗೆ ಬರುವಾಗ ಕನ್ನಡವನ್ನು ಗಡಿಯಲ್ಲೇ ಬಿಟ್ಟು ಬರುತ್ತದೆ. ನಮ್ಮ ದೂರಿನ ಮುಖ್ಯ ಅಂಶ ಇದು.

ಮಾತು ಬದಲಾದರೆ ರೋಗವೂ ಬದಲಾಗುತ್ತದೆ

'ಅಕ್ಕಲಕೋಟದವರಿಗೆ ಮರಾಠಿ ಬರುತ್ತದಲ್ಲ, ಮತ್ತೇನು ತೊಂದರೆ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ನಮ್ಮಲ್ಲಿ ಹೆಚ್ಚಿನವರಿಗೆ ಮರಾಠಿ ಬರುತ್ತದೆ. ಸಂತೆಗೆ, ಬಸ್ಸಿಗೆ, ತಹಶೀಲ ಕಚೇರಿಗೆ ಸಾಕಾಗುವಷ್ಟು ಬರುತ್ತದೆ. ಆದರೆ ಗಂಡ ಸತ್ತ ಮೇಲೆ ಆರು ತಿಂಗಳಿಂದ ಮೂಲೆ ಹಿಡಿದ ಹೆಂಗಸು ತನ್ನ ಒಳಗಿನದನ್ನು ಸಂತೆಯ ಮರಾಠಿಯಲ್ಲಿ ಹೇಳಲಾರಳು. ಹೆರಿಗೆಯಾಗಿ ಮಗುವನ್ನು ಮುಟ್ಟಲು ಹೆದರುವ ಹೊಸ ತಾಯಿ ಹೇಳಲಾರಳು. ಮರಾಠಿ ಶಾಲೆಯ ಮುಖವನ್ನೇ ನೋಡದ ಅಜ್ಜ ಅಜ್ಜಿಯರು ಹೇಳಲಾರರು. ಹೆಚ್ಚು ಕಷ್ಟದಲ್ಲಿರುವವರಿಗೇ ಎರಡನೆಯ ಭಾಷೆ ಕಡಿಮೆ ಬರುತ್ತದೆ.

ನಮ್ಮ ಭಾಗದ ಮಾತುಗಳನ್ನೇ ನೋಡಿ. 'ಎದ್ಯಾಗ ಗಾಬ್ರಿ ಆಗ್ತದ', 'ಹೊಟ್ಟ್ಯಾಗ ಸಂಕಟ', 'ತೆಲಿ ಗರಗರ ತಿರಗ್ತದ', 'ಕೈಕಾಲಾಗ ಕಸುವಿಲ್ಲ'. ಖಿನ್ನತೆ, ಆತಂಕ ಎಂಬ ಪುಸ್ತಕದ ಪದಗಳು ಯಾರ ಬಾಯಲ್ಲೂ ಬರುವುದಿಲ್ಲ. ಮನಸ್ಸಿನ ನೋವು ಮೈಯ ನೋವಾಗಿ ಬರುತ್ತದೆ. ಈ ಮಾತಿನ ಹದ ಗೊತ್ತಿಲ್ಲದವರು ಎದೆಗೆ ಇಸಿಜಿ, ಹೊಟ್ಟೆಗೆ ಗುಳಿಗೆ, ಕೈಕಾಲಿಗೆ ಸಲಾಯಿನ್ ಹಚ್ಚಿ ಕಳಿಸುತ್ತಾರೆ. ರೋಗಿ ಮೂರು ದವಾಖಾನೆ ತಿರುಗಿ, ಸಾಲ ಮಾಡಿ, ಗುಣವಾಗದೆ ಮನೆಗೆ ಬರುತ್ತಾನೆ.

ಇದಕ್ಕಿಂತ ಅಪಾಯದ ಮಾತು ಒಂದಿದೆ: 'ಜೀವಕ್ಕ ಬ್ಯಾಸರ ಆಗ್ಯಾದ'. ಅಕ್ಕಪಕ್ಕದ ನಾಲ್ಕು ಮನೆಯವರಿಗೆ ಇದರ ಅರ್ಥ ಗೊತ್ತು. ಇಷ್ಟು ಹೇಳಿದವರನ್ನು ಒಬ್ಬರನ್ನೇ ಬಿಡಬಾರದು, ಮನೆಯಲ್ಲಿರುವ ಹೊಲದ ಔಷಧದ ಡಬ್ಬಿ ಎತ್ತಿಡಬೇಕು. ಆದರೆ ಜತೆಗೆ ಹೋದ ಮಗ ಅವಸರದಲ್ಲಿ ಡಾಕ್ಟರಿಗೆ 'ಕಂಟಾಳಾ ಆಲಾಯ್' ಎಂದಷ್ಟೇ ಹೇಳಿದರೆ? ಬೇಜಾರು ಎಂಬ ಸಣ್ಣ ಅರ್ಥ ಉಳಿಯುತ್ತದೆ, ಜೀವದ ಮಾತು ಬಿಟ್ಟುಹೋಗುತ್ತದೆ. ಒಂದು ಪದದ ಅನುವಾದದಲ್ಲಿ ಒಂದು ಜೀವದ ಪ್ರಶ್ನೆ ಇರುತ್ತದೆ.

ಮನೆಯವರೇ ದುಭಾಷಿಗಳಾದಾಗ ಇನ್ನೊಂದು ತೊಂದರೆ ಇದೆ. ಗಂಡನ ಹೊಡೆತದಿಂದ ಕಂಗೆಟ್ಟ ಹೆಂಡತಿಯ ಮಾತನ್ನು ಗಂಡನೇ ಅನುವಾದ ಮಾಡಿದರೆ ಡಾಕ್ಟರಿಗೆ ಏನು ತಲುಪುತ್ತದೆ? ಅತ್ತೆಯ ಕಾಟವನ್ನು ಅತ್ತೆಯ ಎದುರಿಗೆ ಮೈದುನನ ಬಾಯಿಂದ ಹೇಳಿಸಲು ಬರುವುದಿಲ್ಲ. ಇಲ್ಲಿ ಭಾಷೆಯ ಅಸಮಾನತೆ ಹೆಣ್ಣಿನ ಅಸಮಾನತೆಯ ಜತೆ ಸೇರಿಕೊಳ್ಳುತ್ತದೆ. ರೋಗಿ ದಲಿತ ಅಥವಾ ವಿಮುಕ್ತ ಸಮುದಾಯದವಳಾದರೆ ಜಾತಿಯೂ ಸೇರುತ್ತದೆ.

ಲೆಕ್ಕಕ್ಕೇ ಸಿಗದವರು

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದಿತು. ಚಿಕಿತ್ಸೆ ಬೇಕಾದವರಲ್ಲಿ, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತಿಲ್ಲ ಎಂದೂ ಹೇಳಿತು. ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಆ ಪಟ್ಟಿಯಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಒಂದು ರಾಜ್ಯದೊಳಗಿನ ಭಾಷಾ ಅಲ್ಪಸಂಖ್ಯಾತರ ಸ್ಥಿತಿ ಹಾಗಿರಲಿ, ಗಡಿಯ ಎರಡೂ ಕಡೆಯ ಜನ ಆ ಲೆಕ್ಕದಲ್ಲೇ ಬರಲಿಲ್ಲ.

ದೇಶದಲ್ಲಿ ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಇರುವವರು ದೊಡ್ಡ ಊರುಗಳಲ್ಲಿದ್ದಾರೆ. ಹಾಗಾಗಿ ಪ್ರತಿ ತಾಲೂಕಿಗೂ ಕನ್ನಡ ಬಲ್ಲ ಮನೋವೈದ್ಯರು ಬೇಕೆಂದು ನಾವು ಕೇಳಿದರೆ ಅದು ನಾಳೆಯೇ ಆಗುವ ಮಾತಲ್ಲ. ಆದರೆ ಮನೋವೈದ್ಯರು ಬರುವ ಮುಂಚೆಯೂ ಆಗಬಹುದಾದ ಕೆಲಸ ಬಹಳಷ್ಟಿದೆ. ನಮ್ಮ ಹಳ್ಳಿಗಳ ಎಷ್ಟೋ ಆಶಾ ಕಾರ್ಯಕರ್ತೆಯರು, ಅಂಗನವಾಡಿ ತಾಯಂದಿರು ಮನೆಯಲ್ಲಿ ಕನ್ನಡ ಮಾತಾಡುವವರೇ. ಅವರ ತರಬೇತಿ, ಅವರ ಕೈಗೆ ಕೊಡುವ ಪ್ರಶ್ನಾವಳಿ ಮರಾಠಿಯಲ್ಲಿರುತ್ತದೆ. ಅವರು ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳುತ್ತಾರೆ. ನಿಮ್ಹಾನ್ಸ್‌ನಲ್ಲಿ ಕನ್ನಡದ ತಿಳಿವಳಿಕೆ ಸಾಮಗ್ರಿ ಸಿದ್ಧವಿದೆ. ಅದನ್ನು ಗಡಿ ದಾಟಿಸಲು ದೊಡ್ಡ ಖರ್ಚೇನೂ ಇಲ್ಲ.

ಕಾಯ್ದೆ ನಮ್ಮ ಕಡೆ ಇದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೆಯ ಕಲಂ ಪ್ರತಿಯೊಬ್ಬರಿಗೂ ಸರಕಾರಿ ಮಾನಸಿಕ ಆರೋಗ್ಯ ಸೇವೆಯ ಹಕ್ಕು ಕೊಡುತ್ತದೆ. ಲಿಂಗ, ಧರ್ಮ, ಸಂಸ್ಕೃತಿ, ಜಾತಿ, ವರ್ಗ ಮುಂತಾದ ಯಾವ ಕಾರಣಕ್ಕೂ ಭೇದ ಮಾಡುವಂತಿಲ್ಲ. ಕಾಯ್ದೆಯಲ್ಲಿ ಹೇಳಿದ ಕನಿಷ್ಠ ಸೇವೆ ಜಿಲ್ಲೆಯಲ್ಲಿ ಸಿಗದಿದ್ದರೆ ರೋಗಿ ಜಿಲ್ಲೆಯ ಬೇರೆ ಕಡೆ ಚಿಕಿತ್ಸೆ ಪಡೆದು ಅದರ ಖರ್ಚನ್ನು ಸರಕಾರದಿಂದ ಪಡೆಯಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ.

ನಮಗೆ ಇನ್ನೂ ಮುಖ್ಯವಾದ ಮಾತು ಒಪ್ಪಿಗೆಯ ಬಗ್ಗೆ ಇದೆ. ಚಿಕಿತ್ಸೆಗೆ ರೋಗಿ ಕೊಡುವ ಒಪ್ಪಿಗೆ ಕಾನೂನಿನ ಕಣ್ಣಿಗೆ ಒಪ್ಪಿಗೆ ಆಗಬೇಕಾದರೆ ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಹೇಳಿರಬೇಕು. ಮಾಹಿತಿಯ ಹಕ್ಕನ್ನು ಹೇಳುವ 22ನೆಯ ಕಲಮಿನಲ್ಲೂ ಇದೇ ಮಾತಿದೆ. ತಿಳಿಯದ ಭಾಷೆಯ ಫಾರಮಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆ ಒಪ್ಪಿಗೆಗೆ ಬೆಲೆಯಿಲ್ಲ. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನೂ ಇದೇ ಕಾಯ್ದೆ ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಸರಕಾರ ಆರೈಕೆ ಕೊಡಬೇಕು ಎಂದೂ 115ನೆಯ ಕಲಂ ಹೇಳುತ್ತದೆ. ಕೇಸು ಆಗುತ್ತದೆ ಎಂಬ ಹೆದರಿಕೆಯಿಂದ ದವಾಖಾನೆಗೆ ಹೋಗದೆ ಇರುವುದು ತಪ್ಪು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಮಾನಸಿಕ ಆರೋಗ್ಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ ಶಿಕ್ಷಣ ಸಂಸ್ಥೆಗಳಿಗೆ ಸೂಚನೆಗಳನ್ನು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜತೆ ಸಂಪರ್ಕ ಇಟ್ಟುಕೊಳ್ಳಬೇಕು. ಅಕ್ಕಲಕೋಟ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿನ ಮಗುವಿನ ಜತೆ ಮಾತಾಡಲು ಬರುವವರು ಕನ್ನಡ ಬಲ್ಲವರಾಗಿರಬೇಕು ಎಂದು ಕೇಳಲು ಇದು ಸರಿಯಾದ ಸಮಯ.

ಗುಡಿ, ದರ್ಗಾ, ದವಾಖಾನೆ

ಒಂದು ಮಾತನ್ನು ಬಿಟ್ಟು ಮುಂದೆ ಹೋಗಲಾಗದು. ನಮ್ಮ ಭಾಗದಲ್ಲಿ ಮನಸ್ಸಿನ ಕಾಯಿಲೆಯಾದವರನ್ನು ಮೊದಲು ಕರೆದೊಯ್ಯುವುದು ದವಾಖಾನೆಗಲ್ಲ. 'ಗಾಳಿ ಸೋಕ್ಯಾದ', 'ಮೈಮ್ಯಾಗ ಬರ್ತದ' ಎಂದು ಗಾಣಗಾಪುರಕ್ಕೆ, ದರ್ಗಾಕ್ಕೆ, ಊರ ದೇವರಿಗೆ ಕರೆದೊಯ್ಯುತ್ತೇವೆ. ಇದನ್ನು ಬರೀ ಮೂಢನಂಬಿಕೆ ಎಂದು ಬೈದರೆ ಆಗುವುದಿಲ್ಲ. ಗುಡಿಯಲ್ಲಿ ಕೇಳುವವರು ನಮ್ಮ ಭಾಷೆಯಲ್ಲಿ ಕೇಳುತ್ತಾರೆ. ಹೇಳಿದ್ದನ್ನು ಪೂರ್ತಿ ಕೇಳುತ್ತಾರೆ. ಚೀಟಿ, ಕ್ಯೂ, ಎರಡು ನಿಮಿಷದ ಮಾತು, 'ಮುಂದಿನ ತಿಂಗಳು ಬಾ' ಎನ್ನುವ ಕೋಣೆಗಿಂತ ಅಲ್ಲಿ ಮನಸ್ಸು ಹಗುರಾಗುವುದು ಸಹಜ.

ಆದರೆ ಔಷಧದಿಂದ ಹತೋಟಿಗೆ ಬರುವ ಕಾಯಿಲೆಯನ್ನು ವರ್ಷಗಟ್ಟಲೆ ಗುಡಿಯ ಕಟ್ಟೆಯ ಮೇಲೆ ಬಿಡುವುದು ರೋಗಿಗೆ ಮಾಡುವ ಅನ್ಯಾಯ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತದ್ದನ್ನು ದೇಶ ಮರೆತಿಲ್ಲ. ದಾರಿ ನಡುವೆ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ ಮತ್ತು ದುವಾ' ಎಂಬ ಕೆಲಸ ನಡೆದಿದೆ. ಪ್ರಾರ್ಥನೆಗೆ ಬಂದವರನ್ನು ದರ್ಗಾದ ಮುಜಾವರರೇ ಪಕ್ಕದಲ್ಲಿರುವ ಮನೋವೈದ್ಯರ ಕಡೆ ಕಳಿಸುತ್ತಾರೆ. ದೇವರನ್ನೂ ಬಿಡಬೇಕಿಲ್ಲ, ಗುಳಿಗೆಯನ್ನೂ ಬಿಡಬೇಕಿಲ್ಲ. ಸ್ವಾಮಿ ಸಮರ್ಥರ ಊರಾದ ಅಕ್ಕಲಕೋಟಕ್ಕೆ ದಿನವೂ ಎರಡೂ ರಾಜ್ಯದ ಭಕ್ತರು ಬರುತ್ತಾರೆ. ಇಂಥ ಕೆಲಸಕ್ಕೆ ಇದಕ್ಕಿಂತ ತಕ್ಕ ಊರು ಎಲ್ಲಿದೆ?

ಯೋಜನೆ ಗಡಿ ದಾಟಬಹುದಾದರೆ

2023ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಗಡಿ ಹಳ್ಳಿಗಳ ಮರಾಠಿ ಜನರಿಗೆ ವಿಸ್ತರಿಸುವುದಾಗಿ ಹೇಳಿತು. ಕರ್ನಾಟಕ ಅದನ್ನು ಕಟುವಾಗಿ ವಿರೋಧಿಸಿತು. ಗಡಿ ವಿವಾದದ ರಾಜಕಾರಣವನ್ನು ಇಲ್ಲಿ ಎತ್ತುವುದು ನಮ್ಮ ಉದ್ದೇಶವಲ್ಲ. ಒಂದು ಸರಳ ಮಾತು ಮಾತ್ರ: ಗಡಿಯಾಚೆಗಿನ ತನ್ನ ಭಾಷೆಯವರ ಆರೋಗ್ಯ ತನ್ನ ಜವಾಬ್ದಾರಿ ಎಂದು ಒಂದು ಸರಕಾರ ಭಾವಿಸುವುದಾದರೆ, ಗಡಿಯೀಚೆಗಿನ ಬೇರೆ ಭಾಷೆಯವರ ಆರೋಗ್ಯವೂ ಅದರದೇ ಜವಾಬ್ದಾರಿ. ಕರ್ನಾಟಕಕ್ಕೂ ಇದೇ ಮಾತು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ಹೊರ ರಾಜ್ಯದ ಕನ್ನಡಿಗರ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ನೆರವು ಬರುತ್ತದೆ. ಒಳ್ಳೆಯದು. ಅದರ ಒಂದು ಪಾಲು ಕನ್ನಡದ ಆಪ್ತಸಮಾಲೋಚನೆಗೂ ಬರಲಿ.

ಮತ್ತು ನಾವು ನಮಗೆ ಕೇಳುವುದನ್ನು ಬೇರೆಯವರಿಗೂ ಕೇಳಬೇಕು. ಬೆಳಗಾವಿ, ಖಾನಾಪುರ, ನಿಪ್ಪಾಣಿಯ ಮರಾಠಿ ತಾಯಿಗೆ ಮರಾಠಿಯಲ್ಲಿ ಚಿಕಿತ್ಸೆ ಸಿಗಬೇಕು. ಸೋಲಾಪುರದ ಪದ್ಮಶಾಲಿ ನೇಕಾರರಿಗೆ ತೆಲುಗಿನಲ್ಲಿ, ತಾಂಡಾದ ಲಂಬಾಣಿಗರಿಗೆ ಅವರ ಮಾತಿನಲ್ಲಿ, ಸೆಟ್ಲಮೆಂಟಿನ ಕುಟುಂಬಗಳಿಗೆ ಅವಮಾನವಿಲ್ಲದೆ ಸಿಗಬೇಕು. ಕನ್ನಡಿಗರಿಗೆ ಮಾತ್ರ ಎಂದು ಕೇಳಿದರೆ ಅದು ಭಾಷಾಭಿಮಾನದ ಮಾತಾಗುತ್ತದೆ. ಎಲ್ಲರಿಗೂ ಎಂದು ಕೇಳಿದರೆ ನ್ಯಾಯದ ಮಾತಾಗುತ್ತದೆ.

ನಮ್ಮ ಬೇಡಿಕೆಗಳು

ಸದಸ್ಯರೆಲ್ಲರೂ ತಮ್ಮ ಊರಿನ ಸಭೆಗಳಲ್ಲಿ ಚರ್ಚಿಸಲೆಂದು ಈ ಬೇಡಿಕೆಗಳನ್ನು ಮುಂದಿಡುತ್ತಿದ್ದೇವೆ.

ಒಂದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅಕ್ಕಲಕೋಟ ತಾಲೂಕಿಗೆ ನಿಗದಿತ ದಿನ ಬರಬೇಕು, ತಂಡದಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರಬೇಕು. ಎರಡು, ಒಪ್ಪಿಗೆ ಪತ್ರ, ಹಕ್ಕುಗಳ ಫಲಕ, ಔಷಧ ತೆಗೆದುಕೊಳ್ಳುವ ಸೂಚನೆ ಮರಾಠಿಯ ಜತೆಗೆ ಕನ್ನಡದಲ್ಲೂ ಇರಬೇಕು. ತಾಲೂಕಿನಲ್ಲಿ ಶೇ. 15ಕ್ಕಿಂತ ಹೆಚ್ಚು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಕೊಡಬೇಕೆಂಬ ಒಪ್ಪಂದ 1961ರ ಮುಖ್ಯಮಂತ್ರಿಗಳ ಸಮ್ಮೇಳನದ ಕಾಲದಿಂದ ಇದೆ. ಜನಗಣತಿಯ ತಾಲೂಕುವಾರು ಭಾಷಾ ಪಟ್ಟಿಯನ್ನು ಅರ್ಜಿಗೆ ಲಗತ್ತಿಸೋಣ. ಮೂರು, ಕನ್ನಡ ಮಾತಾಡುವ ಆಶಾ ಕಾರ್ಯಕರ್ತೆಯರಿಗೆ ಕನ್ನಡದಲ್ಲಿ ತರಬೇತಿ. ನಾಲ್ಕು, ಮನೆಯವರಲ್ಲದ, ಗುಟ್ಟು ಕಾಯುವ ತರಬೇತಿ ಪಡೆದ ದುಭಾಷಿ. ಈ ಕೆಲಸಕ್ಕೆ ನಮ್ಮಲ್ಲಿ ನಿವೃತ್ತ ಶಿಕ್ಷಕಿಯರು, ದಾದಿಯರು ಇದ್ದಾರೆ. ಅರ್ಜಿಗೆ ಉತ್ತರ ಬರುವವರೆಗೂ ಕಾಯದೆ ಇದನ್ನು ನಾವೇ ಶುರು ಮಾಡಬಹುದು.

ಅಲ್ಲಿಯವರೆಗೆ ತಿಳಿದಿರಬೇಕಾದ ಕೆಲವು ಮಾತು. 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರಕಾರ ಇದನ್ನು 2022ರ ಅಕ್ಟೋಬರ್ 10ರಂದು ಆರಂಭಿಸಿತು. ಹಗಲು ರಾತ್ರಿ, ಉಚಿತ. ಇದರ ಸೇವೆ ಇರುವ ಭಾಷೆಗಳಲ್ಲಿ ಕನ್ನಡವೂ ಒಂದು. ಕರೆ ಮಾಡಿದಾಗ ಕನ್ನಡ ಬೇಕೆಂದು ಕೇಳಿ, ಸಂಕೋಚ ಬೇಡ. ಸೋಲಾಪುರದ ಸಿವಿಲ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮವಿದೆ. ಅಫಜಲಪುರ, ಆಳಂದ, ಇಂಡಿ ಹತ್ತಿರವಿರುವವರು ಮೊದಲು ಅಲ್ಲಿ ವಿಚಾರಿಸಿ ಹೋಗಿ. ಮತ್ತು ಮನೆಯಲ್ಲಿ ಯಾರಾದರೂ 'ಜೀವಕ್ಕ ಬ್ಯಾಸರ ಆಗ್ಯಾದ' ಎಂದರೆ ಆ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಹತ್ತಿರ ಕೂತು ಪೂರ್ತಿ ಕೇಳಿ, ಒಬ್ಬರನ್ನೇ ಬಿಡಬೇಡಿ. ದವಾಖಾನೆಗೆ ಹೋದಾಗ ಆ ಮಾತನ್ನು ಹಾಗೇ ಹೇಳಿ, ಅರ್ಥ ಬಿಡಿಸಿ ಹೇಳಿ, ಡಾಕ್ಟರು ಅದನ್ನು ಬರೆದುಕೊಂಡರೇ ನೋಡಿ.